ಸಭೆಯಲ್ಲಿ ಕುಳಿತ ಕ್ಯಾಮೆರಾ

(ಸಾಕ್ಷ್ಯಚಿತ್ರ ನಿರ್ದೇಶಕಿ ದೀಪಾ ಧನರಾಜ್ ಅವರ ಬದುಕು ಮತ್ತು ಕೆಲಸದ ಕುರಿತು, ಅವರ ಒಂದು ಚಿತ್ರದ ಪ್ರದರ್ಶನಕ್ಕೆ ಮುನ್ನ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಿನಿಮಾದ ಮಾತಿಗೆ ಬರುವ ಮುಂಚೆ ನನ್ನ ಸೋದರತ್ತೆಯ ಮಾತು. ಅವರನ್ನು ನಿಪ್ಪಾಣಿಗೆ ಕೊಟ್ಟಿದ್ದರು. ಬೇಸಿಗೆ ರಜೆಗೆ ನಾವು ಮಕ್ಕಳೆಲ್ಲ ಅವರ ಮನೆಗೆ ಹೋಗುತ್ತಿದ್ದೆವು. ಸಂಜೆ ತಂಬಾಕಿನ ವಖಾರಿಯಿಂದ ಬಂದವರೇ ಅಂಗಳದಲ್ಲಿ ನಿಂತು ಸೆರಗು ಝಾಡಿಸುತ್ತಿದ್ದರು. ಕಂದು ಬಣ್ಣದ ಪುಡಿ ಇಳಿಬಿಸಿಲಿನಲ್ಲಿ ಹೊಗೆಯ ಹಾಗೆ ಏಳುತ್ತಿತ್ತು. ಕೈಕಾಲು ತೊಳೆದು, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಆಮೇಲೆ ನಮ್ಮನ್ನು ಹತ್ತಿರ ಕರೆಯುತ್ತಿದ್ದರು. ಅಷ್ಟಾದರೂ ಮೈಯಿಂದ ಘಾಟು ಹೋಗುತ್ತಿರಲಿಲ್ಲ. ರಾತ್ರಿ ಅವರ ಕೆಮ್ಮು ಕೇಳುತ್ತಲೇ ನಮಗೆ ನಿದ್ದೆ ಹತ್ತುತ್ತಿತ್ತು. ಅದರಲ್ಲಿ ಹೇಳುವಂಥದ್ದೇನಾದರೂ ಇದೆ ಎಂದು ಆ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ಅತ್ತೆಗೂ ಅನಿಸಿರಲಿಲ್ಲ.

ಎಷ್ಟೋ ವರ್ಷಗಳ ನಂತರ ಬೆಂಗಳೂರಿನ ಒಂದು ಚಿಕ್ಕ ಕೋಣೆಯಲ್ಲಿ, ಮಡಚುವ ಕುರ್ಚಿಯ ಮೇಲೆ ಕುಳಿತು 25 ನಿಮಿಷದ ಒಂದು ಕಪ್ಪುಬಿಳುಪು ಚಿತ್ರ ನೋಡಿದೆ. ಮರಾಠಿಯಲ್ಲಿ ಅದರ ಹೆಸರು ‘ತಂಬಾಕು ಚಾಕಿಲಾ ಊಬ್ ಆಲಿ’. ತಂಬಾಕಿನ ಕೆಂಡ ಎಂದು ಅರ್ಥ ಮಾಡಿಕೊಳ್ಳಬಹುದು. ವಖಾರಿಯ ಒಳಗಿನ ಧೂಳು ತೆರೆಯ ಮೇಲೆ ತುಂಬಿಕೊಂಡಾಗ ನನ್ನ ಮೂಗಿಗೆ ಅತ್ತೆಯ ಸೀರೆಯ ವಾಸನೆ ಬಂತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿ ಬಂತು. ಆ ಚಿತ್ರ ಮಾಡಿದವರು ಯಾರು, ಅವರು ಆ ಬಾಗಿಲು ದಾಟಿ ಒಳಗೆ ಹೋದದ್ದು ಹೇಗೆ ಎಂದು ಹುಡುಕಲು ಹೊರಟವಳು ನಾನು. ಇವತ್ತಿನ ಮಾತು ಆ ಹುಡುಕಾಟದ ಫಲ.

ನಮ್ಮ ತಲೆಮಾರಿನವರಿಗೆ ಸಾಕ್ಷ್ಯಚಿತ್ರ ಎಂದರೆ ಟಾಕೀಸಿನಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ತೋರಿಸುತ್ತಿದ್ದ ಸರ್ಕಾರಿ ಚಿತ್ರ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ ಅವುಗಳನ್ನು ತಯಾರಿಸುತ್ತಿತ್ತು. ಟಾಕೀಸಿನವರು ಅವನ್ನು ಕಡ್ಡಾಯವಾಗಿ ತೋರಿಸಬೇಕಿತ್ತು. ಅಣೆಕಟ್ಟು, ಕಾರ್ಖಾನೆ, ಪ್ರವಾಹ, ಬರ, ಸುಧಾರಿತ ಬಿತ್ತನೆ ಬೀಜ. ಅಲ್ಲಿ ಒಳ್ಳೆಯ ಕೆಲಸ ಮಾಡಿದ ಕಲಾವಿದರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ನಮಗೆ ನೆನಪಿನಲ್ಲಿ ಉಳಿದಿರುವುದು ಆ ದನಿ. ಗಂಭೀರವಾದ ಒಂದು ಗಂಡುದನಿ ಎಲ್ಲವನ್ನೂ ನಮಗೆ ವಿವರಿಸುತ್ತಿತ್ತು. ತೆರೆಯ ಮೇಲೆ ರೈತ ಇರುತ್ತಿದ್ದ, ನಾಟಿ ಹಾಕುವ ಹೆಂಗಸು ಇರುತ್ತಿದ್ದಳು, ಅವರ ತುಟಿ ಅಲುಗುವುದೂ ಕಾಣುತ್ತಿತ್ತು. ಅವರು ಏನು ಹೇಳಿದರು ಎಂಬುದು ಮಾತ್ರ ಕೇಳುತ್ತಿರಲಿಲ್ಲ.

ದೀಪಾ ಧನರಾಜ್ ಆ ತುಟಿಗಳಿಗೆ ದನಿ ಕೊಡಿಸಿದವರಲ್ಲಿ ಮೊದಲ ಸಾಲಿನವರು.

1980ರಲ್ಲಿ ನಾಲ್ವರು ಸೇರಿ ‘ಯುಗಾಂತರ್’ ಎಂಬ ಚಿತ್ರತಂಡ ಕಟ್ಟಿದರು. ದೀಪಾ, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್. ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ತುರ್ತು ಪರಿಸ್ಥಿತಿ ಮುಗಿದು ಮೂರು ವರ್ಷ. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲಿ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಡುಗಡೆ ಮಾಡಿತ್ತು. 1979ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಅದನ್ನು ಪ್ರಶ್ನಿಸಿ ಬಹಿರಂಗ ಪತ್ರ ಬರೆದರು. ಮರುವರ್ಷ ಊರೂರಿನಲ್ಲಿ ಹೆಂಗಸರು ಬೀದಿಗಿಳಿದರು. ಯುಗಾಂತರ್ ಆ ಬಿಸಿಯಲ್ಲಿ ಹುಟ್ಟಿದ ಕೂಸು. ಇಡೀ ದೇಶದಲ್ಲಿ ಮಹಿಳಾ ಚಳವಳಿಯ ಒಳಗಿಂದಲೇ ಬಂದ ಮೊದಲ ಚಿತ್ರತಂಡ ಎಂದು ಇಂದು ಅದನ್ನು ಗುರುತಿಸುತ್ತಾರೆ. ಮೂರು ವರ್ಷಗಳಲ್ಲಿ ನಾಲ್ಕು ಚಿತ್ರ ಮಾಡಿತು. ಮೊದಲನೆಯದು 1981ರ ‘ಮೋಲ್ಕರೀಣ್’. ಪುಣೆಯ ಮನೆಗೆಲಸದ ಹೆಂಗಸರು ಸಂಘ ಕಟ್ಟಿದ ಕಥೆ. ಪಾತ್ರೆ ತೊಳೆಯುವವರು ಮುಷ್ಕರ ಹೂಡಬಹುದು ಎಂಬುದೇ ಆಗ ಮಧ್ಯಮ ವರ್ಗದ ಮನೆಗಳಿಗೆ ಊಹೆಗೆ ನಿಲುಕದ ಸಂಗತಿ. ಮನೆಗೆಲಸಕ್ಕೂ ಕನಿಷ್ಠ ಕೂಲಿ ಇರಬೇಕೆಂದು ನಮ್ಮ ಕರ್ನಾಟಕ ಸರ್ಕಾರ ಗೊತ್ತುಪಡಿಸಿದ್ದು 2004ರಲ್ಲಿ. ಆ ಹೊತ್ತಿಗೆ ಈ ಚಿತ್ರಕ್ಕೆ 23 ವರ್ಷವಾಗಿತ್ತು.

ಎರಡನೆಯದೇ ನಿಪ್ಪಾಣಿಯ ಚಿತ್ರ, 1982ರದು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 

ಆಗ ನಿಪ್ಪಾಣಿ ಎಂದರೆ ಪತ್ರಿಕೆಗಳಿಗೆ ತಂಬಾಕು ಬೆಳೆಗಾರರ ಊರು. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿ ತಡೆದು ಕುಳಿತರು, ಏಪ್ರಿಲ್‌ನಲ್ಲಿ ಗೋಲಿಬಾರ್ ಆಯಿತು, ರೈತರು ಪ್ರಾಣ ಕಳೆದುಕೊಂಡರು. ಆ ಹೋರಾಟ ದೊಡ್ಡದು, ಸುದ್ದಿಯೂ ಆಯಿತು. ಅದೇ ತಂಬಾಕು ಹೊಲದಿಂದ ವಖಾರಿಗೆ ಬಂದ ಮೇಲೆ ಅದನ್ನು ಕುಟ್ಟಿ, ಜರಡಿ ಹಿಡಿದು, ಚೀಲ ತುಂಬುವ ಸಾವಿರಾರು ಹೆಂಗಸರು ಮಾತ್ರ ಯಾರ ಸುದ್ದಿಯಲ್ಲೂ ಇರಲಿಲ್ಲ. ಅವರಲ್ಲಿ ಸುಮಾರು 3000 ಮಂದಿ ಸಂಘ ಕಟ್ಟಿಕೊಂಡಿದ್ದರು. ಯುಗಾಂತರ್ ತಂಡ ಅವರ ಬಳಿಗೆ ಬಂತು. ಬಂದು ನಾಲ್ಕು ತಿಂಗಳು ಅವರೊಂದಿಗೆ ಕಳೆಯಿತು.

ನಾಲ್ಕು ತಿಂಗಳು ಯಾಕೆ? 16 ಎಂಎಂ ಫಿಲ್ಮಿನ 400 ಅಡಿಯ ಒಂದು ರೀಲು ಓಡುವುದು 11 ನಿಮಿಷ. ಇಂದಿನ ಹಾಗೆ ಮೊಬೈಲ್ ಹಿಡಿದು ದಿನವಿಡೀ ತೆಗೆದು, ಆಮೇಲೆ ಬೇಕಾದದ್ದನ್ನು ಆರಿಸಿಕೊಳ್ಳುವ ಅನುಕೂಲ ಇರಲಿಲ್ಲ. ಕಚ್ಚಾ ಫಿಲ್ಮಿಗೆ ದುಡ್ಡು, ಸಂಸ್ಕರಣೆಗೆ ದುಡ್ಡು, ಪ್ರಿಂಟಿಗೆ ದುಡ್ಡು. ಸಣ್ಣ ತಂಡದ ಬಳಿ ಅದು ಎಲ್ಲಿಂದ ಬರಬೇಕು? ಹಾಗಾಗಿ ಗುಂಡಿ ಒತ್ತುವ ಮುಂಚೆ ಕೇಳಿಸಿಕೊಳ್ಳಬೇಕು. ಆದರೆ ಬಡತನವೊಂದೇ ಕಾರಣವಾಗಿದ್ದರೆ ಹದಿನೈದು ದಿನ ಕೇಳಿಸಿಕೊಂಡು ಹೊರಡಬಹುದಿತ್ತು. ಇವರು ಹೆಂಗಸರೊಂದಿಗೆ ಕುಳಿತು ಚಿತ್ರದಲ್ಲಿ ಏನಿರಬೇಕು, ಯಾವ ಘಟನೆ ಬರಬೇಕು, ಯಾವುದು ಬೇಡ ಎಂದು ಚರ್ಚಿಸಿದರು. ಹಿಂದೆ ನಡೆದುಹೋಗಿದ್ದ ಸಂಗತಿಗಳನ್ನು ಆ ಹೆಂಗಸರೇ ಮತ್ತೆ ನಟಿಸಿ ತೋರಿಸಿದರು. ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ, ನಟಿಸಿದ ಮೇಲೆ ಸಾಕ್ಷ್ಯ ಹೇಗಾಯಿತು ಎಂದು ಕೇಳುತ್ತಾರೆ. ತನ್ನ ಮೇಲೆ ನಡೆದದ್ದನ್ನು ತಾನೇ ಮತ್ತೊಮ್ಮೆ ಮಾಡಿ ತೋರಿಸುವವಳು ಸುಳ್ಳು ಹೇಳುತ್ತಿದ್ದಾಳೆಯೇ? ಕೋರ್ಟಿನ ಕಟಕಟೆಯಲ್ಲಿ ನಿಂತವರೂ ಅದನ್ನೇ ಮಾಡುವುದು.

ವಖಾರಿಯ ಒಳಗಿನ ದೃಶ್ಯಗಳನ್ನು ನೀವೇ ಇನ್ನು ಸ್ವಲ್ಪ ಹೊತ್ತಿಗೆ ನೋಡಲಿದ್ದೀರಿ. ನಾನು ಗಮನಿಸಿ ಎನ್ನುವುದು ಒಂದನ್ನು. ಚಿತ್ರದಲ್ಲಿ ವಿವರಣೆ ಕೊಡುವ ಹೊರಗಿನ ದನಿ ಇಲ್ಲ. ಕೂಲಿ ಎಷ್ಟು, ಮಾಲೀಕರು ಹೇಗೆ ನಡೆಸಿಕೊಳ್ಳುತ್ತಾರೆ, ಎದೆಯಲ್ಲಿ ಏನಾಗುತ್ತದೆ ಎಂಬುದನ್ನೆಲ್ಲ ಅವರೇ ಹೇಳುತ್ತಾರೆ. ನಮ್ಮ ಅತ್ತೆ ಮನೆಯಲ್ಲಿ ಒಂದು ದಿನವೂ ಹೇಳದ ಮಾತುಗಳನ್ನು ಅವರ ಜೊತೆಗಾರ್ತಿಯರ ಬಾಯಲ್ಲಿ ನಾನು ಕೇಳಿದೆ. ಮನೆಯಲ್ಲಿ ಹೇಳದವರು ಸಭೆಯಲ್ಲಿ ಹೇಳಿದರು. ದೀಪಾ ಅವರ ಇಡೀ ಕೆಲಸವನ್ನು ನಾನು ನೋಡುವುದು ಈ ಕಿಂಡಿಯಿಂದ. ನಲವತ್ತು ವರ್ಷಗಳಲ್ಲಿ ಅವರು ಎಲ್ಲೆಲ್ಲಿಗೆ ಹೋದರೂ, ಯಾವ ವಿಷಯ ಹಿಡಿದರೂ, ಅವರ ಕ್ಯಾಮೆರಾ ಕೊನೆಗೆ ಬಂದು ಕೂರುವುದು ನೆಲದ ಮೇಲೆ ಗುಂಪಾಗಿ ಕುಳಿತು ಮಾತನಾಡುವವರ ನಡುವೆ.

1983ರಲ್ಲಿ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನದ ಜೊತೆಗೂಡಿ ತೆಲುಗಿನಲ್ಲಿ ‘ಇದಿ ಕಥ ಮಾತ್ರಮೇನಾ’ ಮಾಡಿದರು. ಇದು ಬರೀ ಕಥೆಯೇ ಎಂದು ಕೇಳುವ ಚಿತ್ರ. ಗಂಡನ ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿನದು. ಸಂಘಟನೆಯ ಸದಸ್ಯೆಯರು ತಮ್ಮೊಳಗೆ ಮಾತಾಡಿಕೊಂಡು, ತಮ್ಮ ಅನುಭವಗಳನ್ನೇ ಕಲೆಹಾಕಿ, ತಾವೇ ನಟಿಸಿ ಕಟ್ಟಿದ ಕಥಾಚಿತ್ರ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಪರಿಗಣಿಸುವ 498ಎ ಕಲಂ ಆಗಿನ ಭಾರತ ದಂಡ ಸಂಹಿತೆಗೆ ಸೇರಿದ್ದು ಅದೇ 1983ರ ಡಿಸೆಂಬರ್‌ನಲ್ಲಿ. ನಾಲ್ಕನೆಯ ಚಿತ್ರ ‘ಸುದೇಶಾ’, ಗಢವಾಲಿನ ಚಿಪ್ಕೋ ಚಳವಳಿಯ ಒಬ್ಬ ಹಳ್ಳಿಯ ಹೆಣ್ಣುಮಗಳ ಕುರಿತಾದದ್ದು.

ಈ ಚಿತ್ರಗಳು ಟಾಕೀಸಿಗೆ ಬರಲಿಲ್ಲ. ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಕೊಳೆಗೇರಿಗಳಲ್ಲಿ, ಸಂಘದ ಸಭೆಗಳಲ್ಲಿ ತೋರಿಸುತ್ತಿದ್ದರು. ಚಿತ್ರ ಮುಗಿದ ಮೇಲೆ ಮಾತು ಶುರುವಾಗುತ್ತಿತ್ತು. ಪುಣೆಯ ಹೆಂಗಸರ ಚಿತ್ರ ನೋಡಿ ಬೇರೆ ಊರಿನವರು ಸಂಘ ಕಟ್ಟುವ ಬಗ್ಗೆ ಯೋಚಿಸಬೇಕು, ಅದಕ್ಕಾಗಿಯೇ ಆ ಚಿತ್ರ ಹುಟ್ಟಿದ್ದು.

ಇನ್ನು 1984ರ ಹೈದರಾಬಾದ್. ಆಗಸ್ಟ್‌ನಲ್ಲಿ ರಾಜ್ಯಪಾಲರು ಎನ್.ಟಿ. ರಾಮರಾವ್ ಅವರ ಸರ್ಕಾರವನ್ನು ವಜಾ ಮಾಡಿದರು, ಒಂದು ತಿಂಗಳಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದರು. ಆ ಒಂದು ತಿಂಗಳ ಗೊಂದಲದ ನಡುವೆ ಗಣೇಶ ಮೆರವಣಿಗೆಯ ಸಮಯದಲ್ಲಿ ಹಳೆಯ ನಗರದಲ್ಲಿ ಗಲಭೆಯಾಯಿತು. ದೀಪಾ ಮತ್ತು ನವರೋಜ್ ಹಿಂದೂ, ಮುಸ್ಲಿಂ ಎರಡೂ ಕಡೆಯ ನಾಯಕರ ಭಾಷಣಗಳನ್ನು, ಮೆರವಣಿಗೆಯನ್ನು, ಕರ್ಫ್ಯೂ ಹೇರಿದ ಬೀದಿಗಳನ್ನು ಚಿತ್ರೀಕರಿಸಿದರು. ‘ಹೈದರಾಬಾದ್ ಏಕ್ತಾ’ ಗುಂಪಿನ ಜೊತೆ ಸೇರಿ 1986ರಲ್ಲಿ ‘ಕ್ಯಾ ಹುವಾ ಇಸ್ ಶಹರ್ ಕೋ’ ಹೊರಬಂತು. ಕೋಮುಗಲಭೆಯನ್ನು ಅದು ನಡೆಯುತ್ತಿರುವಾಗಲೇ ಕ್ಯಾಮೆರಾದಲ್ಲಿ ಹಿಡಿದ ಸಾಕ್ಷ್ಯಚಿತ್ರಗಳು ನಮ್ಮಲ್ಲಿ ಅದಕ್ಕೆ ಮುಂಚೆ ತೀರ ಅಪರೂಪ. ಅದನ್ನು ಈಗ ನೋಡಿದರೆ ವೇದಿಕೆಯ ಮೇಲಿನ ಆ ಭಾಷಣಗಳ ಒಂದೊಂದು ಪದವೂ ಪರಿಚಿತ ಎನಿಸಿ ಎದೆ ಭಾರವಾಗುತ್ತದೆ. ವೇದಿಕೆಯಿಂದ ಇಳಿದು ಕ್ಯಾಮೆರಾ ಓಣಿಗೆ ಹೋದಾಗ, ದಿನಗೂಲಿ ನಿಂತುಹೋದವರು, ಒಲೆ ಹಚ್ಚಲಾಗದವರು ಮಾತಾಡುತ್ತಾರೆ.

ಈಗ ನನಗೆ ಬಹಳ ಹತ್ತಿರವಾದ ಚಿತ್ರಕ್ಕೆ ಬರುತ್ತೇನೆ. 1991ರ ‘ಸಮ್‌ಥಿಂಗ್ ಲೈಕ್ ಎ ವಾರ್’. ಒಂದು ಬಗೆಯ ಯುದ್ಧ ಎಂದರ್ಥ. 52 ನಿಮಿಷ. ವಿಷಯ ಕುಟುಂಬ ಯೋಜನೆ.

‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಗೋಡೆಗಳ ಮೇಲೆ ಬರೆದದ್ದನ್ನು ಓದುತ್ತಲೇ ಅಕ್ಷರ ಕಲಿತವರು ನಾವು. ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ ಎಲ್ಲರಿಗೂ ಗೊತ್ತು. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು, ಅವರಲ್ಲಿ ಹೆಚ್ಚಿನವರು ಗಂಡಸರು. ಗಂಡಸರ ಸಿಟ್ಟಿಗೆ ಸರ್ಕಾರವೇ ಬಿದ್ದಿತು. ಅದಾದ ಮೇಲೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಗುರಿ ಹೆಂಗಸರ ಕಡೆಗೆ ತಿರುಗಿತು. ಹೊಟ್ಟೆಗೆ ಸಣ್ಣ ತೂತು ಮಾಡಿ ಆಪರೇಷನ್ ಮಾಡುವ ಲ್ಯಾಪರೊಸ್ಕೋಪ್ ಉಪಕರಣ ಬಂತು, ಕ್ಯಾಂಪುಗಳು ಶುರುವಾದವು.

ನಮ್ಮೂರಿನ ಶಾಲೆಯಲ್ಲಿ ಕ್ಯಾಂಪ್ ಆದ ದಿನ ನಮಗೆ ರಜೆ. ರಜೆಯ ಖುಷಿಯಲ್ಲಿ ಕಿಟಕಿಗೆ ಜೋತುಬಿದ್ದು ಇಣುಕಿದ್ದೆ. ನಾವು ಮಗ್ಗಿ ಹೇಳುತ್ತಿದ್ದ ಕೋಣೆಯಲ್ಲಿ ಜಮಖಾನ ಹಾಸಿ ಹೆಂಗಸರನ್ನು ಸಾಲಾಗಿ ಮಲಗಿಸಿದ್ದರು. ಪಕ್ಕದ ಮನೆಯ ಕಾಕು ಇದ್ದರು. ಅವರಿಗೆ ಅರೆಎಚ್ಚರ, ಬಾಯಿ ಒಣಗಿತ್ತು, ನೀರು ಕೇಳುತ್ತಿದ್ದರು. ನೀರು ಕೊಡಬಾರದು ಎಂದು ಯಾರೋ ಗದರಿದರು. ಸಂಜೆ ಅವರನ್ನು ಜೀಪಿನಲ್ಲಿ ತಂದು ಬಿಟ್ಟುಹೋದರು.

ಅದೇ ದೃಶ್ಯವನ್ನು ದೀಪಾ ರಾಜಸ್ಥಾನದ ಕ್ಯಾಂಪೊಂದರಲ್ಲಿ ಮೇಜಿನ ಪಕ್ಕದಲ್ಲಿ ನಿಂತು ತೋರಿಸುತ್ತಾರೆ. ವೈದ್ಯರು ಒಬ್ಬಳನ್ನು ಮುಗಿಸಿ ಇನ್ನೊಬ್ಬಳ ಕಡೆಗೆ ತಿರುಗುವ ವೇಗ, ತಾವು ಮಾಡಿದ ಆಪರೇಷನ್‌ಗಳ ಲೆಕ್ಕ ಹೇಳುವಾಗ ಅವರ ಮುಖದಲ್ಲಿನ ಹೆಮ್ಮೆ, ನೋವಿನಿಂದ ನರಳುವ ಹೆಂಗಸಿನ ಬಾಯಿಯನ್ನು ಮುಚ್ಚುವ ಕೈ. ಚಿತ್ರ ಯಾರನ್ನೂ ಬಯ್ಯುವುದಿಲ್ಲ. ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದು ಆ ವೈದ್ಯರು ಮನಸಾರೆ ನಂಬಿದ್ದಾರೆ ಎಂಬುದೂ ನಮಗೆ ಕಾಣುತ್ತದೆ.

ಅಷ್ಟೇ ಆಗಿದ್ದರೆ ಅದೊಂದು ಒಳ್ಳೆಯ ವರದಿಯಾಗಿ ನಿಲ್ಲುತ್ತಿತ್ತು. ಕ್ಯಾಂಪಿನ ದೃಶ್ಯಗಳ ನಡುನಡುವೆ ಚಿತ್ರ ಇನ್ನೊಂದು ಕಡೆಗೆ ಹೋಗುತ್ತದೆ. ಅಲ್ಲಿ ಹಳ್ಳಿಯ ಹೆಂಗಸರು ದುಂಡಗೆ ಕುಳಿತಿದ್ದಾರೆ. ಒಂದು ಹೆಣ್ಣಿನ ದೇಹದ ಚಿತ್ರ ಬರೆದುಕೊಂಡು ಮುಟ್ಟು, ಬಸಿರು, ಮಕ್ಕಳು, ಸುಖ, ನೋವು ಎಲ್ಲದರ ಬಗ್ಗೆ ಮಾತಾಡುತ್ತಾರೆ. ನಗುತ್ತಾರೆ, ಒಬ್ಬರ ಮೈಮೇಲೆ ಒಬ್ಬರು ಬಿದ್ದು ನಗುತ್ತಾರೆ. ಕ್ಯಾಂಪಿನ ಮೇಜಿನ ಮೇಲೆ ಬರೀ ಹೊಟ್ಟೆಯಾಗಿ ಕಂಡವಳು ಇಲ್ಲಿ ಇಡಿಯಾಗಿ ಕಾಣುತ್ತಾಳೆ.

ಈ ಚಿತ್ರದೊಂದಿಗೆ ನನಗೊಂದು ತಕರಾರಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ತಾಯಿ ಆರು ಹೆತ್ತವರು. ‘ಆಪರೇಷನ್ ಮೊದಲೇ ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ’ ಎನ್ನುತ್ತಿದ್ದರು. ಅಂಥವರ ಮಾತು ಇಲ್ಲಿ ಎಲ್ಲಿದೆ ಎಂದು ಮೊದಲ ಸಲ ನೋಡಿದಾಗ ಕೋಪ ಬಂದಿತ್ತು. ಎರಡನೆಯ ಸಲ ನೋಡಿದಾಗ ಆ ಮಾತೂ ಅಲ್ಲಿದೆ ಎಂದು ತಿಳಿಯಿತು. ಬಸಿರು ಬೇಡವೆನ್ನುವ ಹೆಂಗಸರು ಆ ಗುಂಪಿನಲ್ಲೂ ಇದ್ದಾರೆ. ಬೇಡವೆನ್ನುವುದನ್ನು ಯಾರು ನಿರ್ಧರಿಸಬೇಕು, ಯಾವಾಗ, ಯಾವ ದಾರಿಯಿಂದ ಎಂಬುದೇ ಅವರ ಪ್ರಶ್ನೆ. ಹೈದರಾಬಾದಿನ ಅದೇ ಸ್ತ್ರೀ ಶಕ್ತಿ ಸಂಘಟನ 1986ರಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿತ್ತು. ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆ ಎಂಬುದೇ ಆ ಹೆಂಗಸರಿಗೆ ಸರಿಯಾಗಿ ತಿಳಿಸಿರಲಿಲ್ಲ. ದೀಪಾ ಅವರ ಚಿತ್ರ ಬಂದದ್ದು ಆ ಜಗಳದ ಮುಂದುವರಿಕೆಯಾಗಿ.

ಮುಂದೆ 1996ರಲ್ಲಿ ಇಷ್ಟು ಆಪರೇಷನ್ ಆಗಲೇಬೇಕೆಂದು ಗುರಿ ನಿಗದಿ ಮಾಡುವ ಪದ್ಧತಿಯನ್ನು ಸರ್ಕಾರ ಅಧಿಕೃತವಾಗಿ ಕೈಬಿಟ್ಟಿತು. ಕಾಗದದ ಮೇಲೆ ಬಿಟ್ಟಿತು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಕ್ಯಾಂಪಿನಲ್ಲಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅಂದು ಪತ್ರಿಕೆಯಲ್ಲಿ ಅದನ್ನು ಓದಿ ನಾನು ಈ ಚಿತ್ರವನ್ನು ಮತ್ತೆ ಹಾಕಿ ನೋಡಿದೆ. 23 ವರ್ಷ ಹಳೆಯ ಚಿತ್ರ ಎಂದು ಅನಿಸಲೇ ಇಲ್ಲ. ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ.

1990ರ ದಶಕದಲ್ಲಿ ಅವರ ಕ್ಯಾಮೆರಾ ನಮ್ಮ ನಾಡಿನ ಪಂಚಾಯಿತಿ ಕಟ್ಟೆಗೂ ಬಂತು. ಕರ್ನಾಟಕದಲ್ಲಿ ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿಗೂ ಮುಂಚೆಯೇ, 1987ರ ಚುನಾವಣೆಯಲ್ಲಿ, ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿತ್ತು. ಆಮೇಲೆ ಅದು ಮೂರನೇ ಒಂದು ಭಾಗವಾಯಿತು. ಹಾಗೆ ಆರಿಸಿ ಬಂದ ಹೆಂಗಸರಿಗಾಗಿ 1995ರಲ್ಲಿ ‘ಇಟ್ಟ ಹೆಜ್ಜೆ ಮುಂದಕ್ಕ, ತೆಗೆಯಬೇಡಿರಿ ಹಿಂದಕ್ಕ’ ಎಂಬ ಕನ್ನಡ ಚಿತ್ರ ಮಾಡಿದರು. ಹೆಸರಿನಲ್ಲೇ ನಮ್ಮ ಕಡೆಯ ದನಿಯಿದೆ. ಪ್ರಶಸ್ತಿ, ಉತ್ಸವಗಳ ಪಟ್ಟಿಯಲ್ಲಿ ಇಂಥ ತರಬೇತಿಯ ಚಿತ್ರಗಳು ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಅವು ಉಳಿದ ಚಿತ್ರಗಳಿಗಿಂತ ಎಳ್ಳಷ್ಟೂ ಕಡಿಮೆಯಲ್ಲ.

2000ದಲ್ಲಿ ‘ನಾರಿ ಅದಾಲತ್’ ಬಂತು, ಗುಜರಾತಿನಲ್ಲಿ ಮಹಿಳಾ ಸಮಖ್ಯ ಎಂಬ ಸರ್ಕಾರಿ ಕಾರ್ಯಕ್ರಮದ ಹೆಂಗಸರು ತಾವೇ ನಡೆಸುತ್ತಿದ್ದ ನ್ಯಾಯಪಂಚಾಯಿತಿಯ ಚಿತ್ರ. 2007ರಲ್ಲಿ ಮಾನವ ಹಕ್ಕುಗಳ ವಕೀಲ ಕೆ.ಜಿ. ಕಣ್ಣಬಿರಾನ್ ಅವರ ಕುರಿತ ‘ದಿ ಅಡ್ವೊಕೇಟ್’. 2011ರಲ್ಲಿ ‘ಇನ್‌ವೋಕಿಂಗ್ ಜಸ್ಟಿಸ್’. ಈ ಕೊನೆಯದನ್ನು ದಯವಿಟ್ಟು ಹುಡುಕಿ ನೋಡಿ. ತಮಿಳುನಾಡಿನ ಪುದುಕೋಟೆಯಲ್ಲಿ ಷರೀಫಾ ಖಾನಂ ಮತ್ತು ಜೊತೆಗಾರ್ತಿಯರು ಹೆಂಗಸರದ್ದೇ ಜಮಾತ್ ಕಟ್ಟಿದರು. ಊರಿನ ಜಮಾತ್‌ಗಳಲ್ಲಿ ಗಂಡಸರು ಕುಳಿತು ತಲಾಖಿನ ತೀರ್ಪು ಕೊಡುತ್ತಿದ್ದರು, ಯಾರ ಬಾಳಿನ ತೀರ್ಪೋ ಅವಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ಹೆಂಗಸರು ಕಡತ ಹಿಡಿದು ಪೊಲೀಸ್ ಠಾಣೆಗೆ ಹೋಗುತ್ತಾರೆ, ಎದುರು ಪಕ್ಷದವರನ್ನು ಕರೆಸುತ್ತಾರೆ, ಕುರಾನಿನ ಮಾತನ್ನೇ ಎತ್ತಿ ವಾದಿಸುತ್ತಾರೆ. ತ್ರಿವಳಿ ತಲಾಖ್ ಕುರಿತ ಸುಪ್ರೀಂ ಕೋರ್ಟಿನ ತೀರ್ಪಿಗೆ ಆಗ ಇನ್ನೂ ಆರು ವರ್ಷ ಬಾಕಿ ಇತ್ತು.

2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಜೀವ ಕಳೆದುಕೊಂಡರು. ಆಮೇಲೆ ಜಾತಿ ತಾರತಮ್ಯದ ವಿರುದ್ಧ ಎದ್ದ ವಿದ್ಯಾರ್ಥಿ ಚಳವಳಿಯನ್ನು ಹಿಂಬಾಲಿಸಿ ದೀಪಾ 2018ರಲ್ಲಿ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’ ಮಾಡಿದರು. ಮನುಷ್ಯನ ಬೆಲೆಯನ್ನು ಒಂದು ವೋಟಿಗೆ, ಒಂದು ಸಂಖ್ಯೆಗೆ, ಒಂದು ವಸ್ತುವಿಗೆ ಇಳಿಸಲಾಯಿತು ಎಂದು ರೋಹಿತ್ ತಮ್ಮ ಕೊನೆಯ ಪತ್ರದಲ್ಲಿ ಬರೆದಿದ್ದರು. ಕ್ಯಾಂಪಿನ ಮೇಜಿನ ಮೇಲೆ ಸಂಖ್ಯೆಯಾದ ಹೆಂಗಸರನ್ನು ಚಿತ್ರಿಸಿದ್ದ ನಿರ್ದೇಶಕಿಗೆ ಆ ಸಾಲು ಹೊಸದಾಗಿರಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ.

ಒಬ್ಬರ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ದೀಪಾ ಅವರ ಪತಿ ನವರೋಜ್ ಕಾಂಟ್ರಾಕ್ಟರ್. ನಿರ್ದೇಶಕ ಮಣಿ ಕೌಲ್ ಅವರ ‘ದುವಿಧಾ’ ಚಿತ್ರವನ್ನು 1973ರಲ್ಲಿ ಚಿತ್ರೀಕರಿಸಿದ ಕಣ್ಣು ಅವರದು. ಅಂಥ ಚೆಲುವನ್ನು ತೆರೆಗೆ ತಂದ ಕಲಾವಿದ ವಖಾರಿಯ ಧೂಳಿನಲ್ಲೂ ಕರ್ಫ್ಯೂ ಬೀದಿಯಲ್ಲೂ ಕ್ಯಾಮೆರಾ ಹೊತ್ತು ನಿಂತರು. ಅವರ ಚಿತ್ರಿಕೆಗಳಲ್ಲಿ ಕೂಲಿ ಹೆಂಗಸರು ದೀನರಾಗಿ ಕಾಣುವುದಿಲ್ಲ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ, ಅವರು ನೆಲದ ಮೇಲಿದ್ದರೆ ಅದೂ ನೆಲಕ್ಕೆ ಇಳಿಯುತ್ತದೆ. 2023ರ ಜೂನ್‌ನಲ್ಲಿ ಹೊಸೂರಿನ ಬಳಿ ಮೋಟಾರ್ ಸೈಕಲ್ ಅಪಘಾತದಲ್ಲಿ ಅವರು ತೀರಿಕೊಂಡರು. 

ಯುಗಾಂತರ್ ಚಿತ್ರಗಳ ಪ್ರಿಂಟುಗಳು ವರ್ಷಗಟ್ಟಲೆ ಓಡಿ ಓಡಿ ಸವೆದುಹೋಗಿದ್ದವು. ಬರ್ಲಿನ್ನಿನ ಆರ್ಸೆನಾಲ್ ಎಂಬ ಚಲನಚಿತ್ರ ಸಂಸ್ಥೆ ಅವನ್ನು ಡಿಜಿಟಲ್ ರೂಪಕ್ಕೆ ತಂದದ್ದರಿಂದ ಇವತ್ತು ನಾವು ನೋಡುವಂತಾಗಿದೆ. ನಿಪ್ಪಾಣಿಯ ಹೆಂಗಸರ ದನಿಯನ್ನು ಕಾಪಾಡಲು ಬರ್ಲಿನ್ ಬೇಕಾಯಿತಲ್ಲ ಎಂದು ನನಗೆ ಸಂಕಟವಿದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ, ನಮ್ಮ ಅಕಾಡೆಮಿಗಳಲ್ಲಿ ಈ ಚಿತ್ರಗಳ ಒಂದೊಂದು ಪ್ರತಿ ಇರಬೇಕು, ಕನ್ನಡ ಅಡಿಬರಹದೊಂದಿಗೆ ಇರಬೇಕು. ಇದು ನನ್ನ ಬೇಡಿಕೆ. ಇಲ್ಲಿ ಕುಳಿತ ಅಧ್ಯಾಪಕರು ಇದನ್ನು ತಮ್ಮ ಕಾಲೇಜುಗಳಲ್ಲಿ ಎತ್ತಬೇಕೆಂದು ಕೈಮುಗಿದು ಕೇಳುತ್ತೇನೆ.

ಈಗ ಚಿತ್ರ ಹಾಕುತ್ತೇವೆ. ಮರಾಠಿಯಲ್ಲಿದೆ, ಅಡಿಬರಹ ಇಂಗ್ಲಿಷಿನಲ್ಲಿದೆ. ಮುಂದಿನ ಸಾಲಿನಲ್ಲಿ ನಿಪ್ಪಾಣಿ ಕಡೆಯಿಂದ ಬಂದ ಇಬ್ಬರು ಅಕ್ಕಂದಿರಿದ್ದಾರೆ. ಅರ್ಥವಾಗದ ಕಡೆ ಅವರು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾರೆ, ದಯವಿಟ್ಟು ಯಾರೂ ಸುಮ್ಮನಿರಿಸಬೇಡಿ. 25 ನಿಮಿಷ ಆದ ಮೇಲೆ ಕುರ್ಚಿಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸುತ್ತೇವೆ. ಬಸ್ಸಿಗೆ ಹೋಗಬೇಕಾದವರು ಹೋಗಿ. ಉಳಿದವರು ಕೆಳಗೆ ಕುಳಿತುಕೊಳ್ಳಿ, ಮೊದಲ ಮಾತು ಆ ಅಕ್ಕಂದಿರದು.